ಕೆರೆಯ ಕೊಲೆ ಮತ್ತು ಕೆಂಪು ಗೆರೆ

ಹೋದ ವರ್ಷ ನಮ್ಮ ಲೇಔಟ್‌ನ ಕೆರೆ ಉಳಿಸುವ ಸಭೆಗೆ ಸ್ಲೈಡ್ ಮಾಡಿಕೊಡುವ ಕೆಲಸ ನನ್ನ ತಲೆಗೆ ಬಂತು. ಭಾನುವಾರ ಬೆಳಿಗ್ಗೆ, ಪಾರ್ಕ್ ಪಕ್ಕದ ಹಾಲ್, ಇಪ್ಪತ್ತೈದು ಜನ, ಒಂದು ಪ್ರೊಜೆಕ್ಟರ್. ಮೂರನೇ ಸ್ಲೈಡ್ ಬರುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು. ಗೋಡೆ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ ಹೀಗಿತ್ತು: "ಕೆರೆಯ ಕೊಲೆ ತೆಗೆಯಲು ಎಷ್ಟು ಖರ್ಚು?" ನಾನು ಬರೆಯಬೇಕಿದ್ದದ್ದು ಕೊಳೆ. "ತಿದ್ದಬೇಡಿ ಸಾರ್, ಬೆಂಗಳೂರಿನ ಕೆರೆಗಳಿಗೆ ಇದೇ ಸರಿಯಾದ ಪದ" ಅಂದರು ಹಿರಿಯರೊಬ್ಬರು.

ಹಿಂದಿನ ರಾತ್ರಿ ಎಫ್7 ಒತ್ತಿ ಸ್ಪೆಲ್ ಚೆಕ್ ಮಾಡಿಯೇ ಮಲಗಿದ್ದೆ. ತಪ್ಪಿಲ್ಲ ಅಂದಿತ್ತು. ಪಾಪ, ಅದು ಸುಳ್ಳು ಹೇಳಿರಲಿಲ್ಲ. ಕೊಲೆ ಅನ್ನೋ ಪದ ಕನ್ನಡದಲ್ಲಿ ಇದ್ದೇ ಇದೆ. ಈ ಪದ ನನ್ನ ಪಟ್ಟಿಯಲ್ಲಿದೆಯಾ ಅಂತಷ್ಟೇ ಅದು ನೋಡುತ್ತದೆ. ನೀವು ಹೇಳಹೊರಟಿದ್ದು ಇದನ್ನೇ ಏನು ಅಂತ ಕೇಳುವ ಗೊಡವೆಗೆ ಅದು ಹೋಗುವುದಿಲ್ಲ.

ನಾನು ಬಳಸುವ ಕೀಲಿಮಣೆಯಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಎಲ್ ಒತ್ತಿದರೆ ಳ. ಕಿರುಬೆರಳು ಅರೆಕ್ಷಣ ತಡವಾದರೆ ಕೊಳೆ ಕೊಲೆಯಾಗುತ್ತದೆ, ಮೆಟ್ರೋ ನಿಲ್ದಾಣದ ಬಳಿ ಇದ್ದ ಪಾರ್ಕಿಂಗ್ ನಿಲ್ದಾಣದ ಬಲಿಯಾಗುತ್ತದೆ. ಎರಡೂ ನಿಜವಾದ ಪದಗಳೇ. ತಪ್ಪು ಪದದ ಕೆಳಗೆ ಬೀಳುವ ಆ ಕೆಂಪು ಗೆರೆ ಎಲ್ಲಿಂದ ಬರಬೇಕು?

ಪಟ್ಟಿಯಲ್ಲಿ ಪದ ಇಲ್ಲದಿದ್ದಾಗ ಮಾತ್ರ ಈ ಯಂತ್ರದ ಜಾಣತನ ಕಾಣಿಸುತ್ತದೆ. ಐಬಿಎಂನಲ್ಲಿದ್ದ ಫ್ರೆಡರಿಕ್ ಡ್ಯಾಮರೌ 1964ರಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು. ಅವರು ನೋಡಿದ ತಪ್ಪುಗಳಲ್ಲಿ ನೂರಕ್ಕೆ ಸುಮಾರು 80 ಭಾಗ ಒಂದೇ ಒಂದು ಎಡವಟ್ಟಿನಿಂದ ಆದವು. ಒಂದಕ್ಷರ ಬಿಟ್ಟುಹೋಗಿರುತ್ತದೆ, ಒಂದು ಜಾಸ್ತಿ ಸೇರಿರುತ್ತದೆ, ಒಂದು ಬದಲಾಗಿರುತ್ತದೆ, ಇಲ್ಲವೇ ಅಕ್ಕಪಕ್ಕದ ಎರಡು ಜಾಗ ಬದಲಿಸಿಕೊಂಡಿರುತ್ತವೆ. ಹಾಗಾಗಿ ತಪ್ಪು ಪದದಿಂದ ಒಂದು ಹೆಜ್ಜೆ ದೂರದಲ್ಲಿ ಯಾವ ಸರಿ ಪದಗಳಿವೆ ಅಂತ ಹುಡುಕಿದರೆ ಸಾಕು, ಬಹುಪಾಲು ಉತ್ತರ ಸಿಕ್ಕಿಬಿಡುತ್ತದೆ. ರೈಟ್ ಕ್ಲಿಕ್ ಮಾಡಿದಾಗ ಬರುವ ಸಲಹೆಗಳ ಹಿಂದೆ ಈ ಲೆಕ್ಕಾಚಾರ ಇವತ್ತಿಗೂ ಇದೆ.

ಆದರೆ ಕನ್ನಡದಲ್ಲಿ ಒಂದಕ್ಷರ ಅಂದರೆ ಯಾವುದು? 'ಸ್ತ್ರೀ' ನಮಗೆ ಒಂದಕ್ಷರ. ಯೂನಿಕೋಡ್, ಅಂದರೆ ಕಂಪ್ಯೂಟರ್ ಒಳಗೆ ಅಕ್ಷರಗಳನ್ನು ಗುರುತಿಸುವ ಪದ್ಧತಿಯ ಲೆಕ್ಕದಲ್ಲಿ ಅದು ಆರು: ಸ, ಹಲಂತದ ಚಿಹ್ನೆ, ತ, ಇನ್ನೊಂದು ಹಲಂತ, ರ, ಕೊನೆಗೆ ಈಕಾರ. ನಮ್ಮ ಕಣ್ಣಿಗೆ ಒಂದು ಹೆಜ್ಜೆ ಅನ್ನಿಸಿದ್ದು ಯಂತ್ರಕ್ಕೆ ಎರಡೋ ಮೂರೋ ಆಗಬಹುದು.

ಅದಕ್ಕಿಂತ ದೊಡ್ಡ ತಲೆನೋವು ಪದಪಟ್ಟಿಯದ್ದು. ಇಂಗ್ಲಿಷಿನ 'ಹೌಸ್' ಎಂಬ ನಾಮಪದಕ್ಕೆ ಮೂರ್ನಾಲ್ಕು ರೂಪ ಸೇರಿಸಿದರೆ ಕೆಲಸ ಮುಗಿಯಿತು. ನಮ್ಮ 'ಮನೆ' ಹಾಗಲ್ಲ. ಮನೆಯನ್ನು, ಮನೆಗಳಿಂದ, ಮನೆಗಳಲ್ಲಿಯೂ, ಮನೆಯಲ್ಲಿರುವವರಿಗೂ... ಎಲ್ಲಿ ನಿಲ್ಲಿಸೋಣ? ಜೊತೆಗೆ ಸಂಧಿ ಬೇರೆ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಆ 'ಗ' ಎಲ್ಲಿಂದ ಬಂತು ಅಂತ ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು. ಎಲ್ಲ ರೂಪಗಳನ್ನೂ ಬರೆದಿಡುವುದು ಆಗದ ಮಾತು.

ಇದೇ ಪಾಡು ಹಂಗೇರಿಯನ್ ಭಾಷೆಯದ್ದೂ. ಅಲ್ಲೂ ಪ್ರತ್ಯಯದ ಮೇಲೆ ಪ್ರತ್ಯಯ ಅಂಟುತ್ತದೆ. ಆ ಭಾಷೆಗಾಗಿ ಲಾಸ್ಲೋ ನೇಮೆತ್ ಕಟ್ಟಿದ ಹನ್‌ಸ್ಪೆಲ್ ಎಂಬ ಸ್ಪೆಲ್ ಚೆಕ್ ತಂತ್ರಾಂಶ ಇವತ್ತು ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳ ಒಳಗೆಲ್ಲ ಕೂತಿದೆ. ಅದಕ್ಕೆ ಎರಡು ಕಡತ ಬೇಕು. ಒಂದರಲ್ಲಿ ಮೂಲ ಪದಗಳು, ಇನ್ನೊಂದರಲ್ಲಿ ಯಾವ ಪದಕ್ಕೆ ಯಾವ ಪ್ರತ್ಯಯ ಹೇಗೆ ಅಂಟುತ್ತದೆ ಅನ್ನುವ ನಿಯಮಗಳು. ಪದದ ಬಾಲವನ್ನು ಅದು ಎರಡು ಸುತ್ತು ಸುಲಿದು ನೋಡಬಲ್ಲದು. 'ಮನೆಗಳಲ್ಲಿ' ಅನ್ನುವುದಕ್ಕೆ ಎರಡು ಸುತ್ತು ಸಾಕು. 'ಮನೆಯಲ್ಲಿರುವವರಿಗೂ' ಈರುಳ್ಳಿ ಇದ್ದ ಹಾಗೆ, ಸುಲಿದಷ್ಟೂ ಇನ್ನೊಂದು ಪದರ. ಸರಿಯಾಗಿ ಬರೆದ ಕನ್ನಡದ ಕೆಳಗೂ ಕೆಂಪು ಗೆರೆ ಕುಣಿಯುವುದು ಹೀಗೆ. ನಾಲ್ಕು ಸಲ ಸುಮ್ಸುಮ್ನೆ ಕೂಗಿದರೆ ಐದನೇ ಸಲ ನಿಜಕ್ಕೂ ತಪ್ಪಿದ್ದಾಗ ನಾವು ತಿರುಗಿಯೂ ನೋಡುವುದಿಲ್ಲ, ಅಲ್ವಾ?

ಈಗ ಈ ಎರಡು ಪದ ನೋಡಿ: ಬೆಂಗಳೂರು, ಬೆ೦ಗಳೂರು. ಫಾಂಟ್ ಸ್ವಲ್ಪ ದೊಡ್ಡದು ಮಾಡದಿದ್ದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿರುವುದು ಅನುಸ್ವಾರ ಅಲ್ಲ, ಕನ್ನಡ ಅಂಕಿಯ ಸೊನ್ನೆ. ಕಂಪ್ಯೂಟರ್‌ಗೆ ಎರಡೂ ಪೂರ್ತಿ ಬೇರೆ ಬೇರೆ. ಹುಡುಕಿದರೆ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಕೆಂಪು ಗೆರೆ ಬಂದರೂ ನಾವು ಕಣ್ಣುಜ್ಜಿ ನೋಡಿ, ಸರಿಯಾಗೇ ಇದೆಯಲ್ಲ ಅಂತ 'ಇಗ್ನೋರ್' ಒತ್ತುತ್ತೇವೆ. ನಾನೀಗ ಸ್ಲೈಡ್ ಕಳಿಸುವ ಮುಂಚೆ ಫೈಂಡ್ ಪೆಟ್ಟಿಗೆಯಲ್ಲಿ ಆ ಸೊನ್ನೆಯನ್ನೇ ಹಾಕಿ ಒಂದು ಸಲ ಹುಡುಕುತ್ತೇನೆ. ಹಳೇ ನುಡಿ ಫಾಂಟಿನ ಫೈಲ್ ಆದರೆ ಅದೂ ದಂಡ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಗೋಜಲು, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ.

ಸ್ಲೈಡಿಗೆ ಅದರದ್ದೇ ಇನ್ನೊಂದಷ್ಟು ಕಷ್ಟಗಳಿವೆ. ಹಳೆಯ ಪವರ್‌ಪಾಯಿಂಟ್‌ಗಳಲ್ಲಿ ವ್ಯಾಕರಣ ತಪಾಸಣೆ ಇರಲೇ ಇಲ್ಲ. ಇದ್ದರೂ ಅದು ಕರ್ತೃ, ಕ್ರಿಯಾಪದ ಇರುವ ಪೂರ್ತಿ ವಾಕ್ಯಕ್ಕೆ ಕಾಯುತ್ತದೆ. ನಾವು ಬರೆಯುವುದು "ಹೂಳು: 2 ಅಡಿ". ಇದರಲ್ಲಿ ವ್ಯಾಕರಣ ಹುಡುಕಿದರೆ ಏನು ಸಿಗುತ್ತದೆ? ಇಂಗ್ಲಿಷಿನಲ್ಲಿ ಎಲ್ಲ ಕ್ಯಾಪಿಟಲ್ ಅಕ್ಷರದಲ್ಲಿ ಟೈಪ್ ಮಾಡಿದ ಪದಗಳನ್ನು ಬಿಟ್ಟುಬಿಡು ಅನ್ನುವ ಸೆಟ್ಟಿಂಗ್ ಆಫೀಸ್ ತಂತ್ರಾಂಶದ ಹಲವು ಆವೃತ್ತಿಗಳಲ್ಲಿ ಮೊದಲೇ ಆನ್ ಆಗಿರುತ್ತದೆ. ಬಿಎಂಟಿಸಿ, ಐಟಿಪಿಎಲ್ ಥರದವಕ್ಕೆಲ್ಲ ಗೆರೆ ಬೀಳದಿರಲಿ ಅಂತ. ಆದರೆ ನಾವು ಕ್ಯಾಪಿಟಲ್‌ನಲ್ಲಿ ಹಾಕುವುದು ಶೀರ್ಷಿಕೆಯನ್ನೇ! ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಾಲನ್ನೇ ಯಾರೂ ನೋಡಿರುವುದಿಲ್ಲ. ಇನ್ನು ಫೋಟೋ ಆಗಿ ಅಂಟಿಸಿದ ನಕ್ಷೆಯೊಳಗಿನ ಅಕ್ಷರಗಳನ್ನಂತೂ ಕೇಳಲೇಬೇಡಿ.

ಗೆರೆಯ ಕಾಟ ತಾಳಲಾರದೆ ನಾವು ಮಾಡುವ ಇನ್ನೊಂದು ಕೆಲಸ 'ಆಡ್ ಟು ಡಿಕ್ಷನರಿ'. ಊರ ಹೆಸರು, ಮನೆತನದ ಹೆಸರು ಎಲ್ಲ ಅದಕ್ಕೆ ಸೇರಿಸುತ್ತಾ ಹೋಗುತ್ತೇವೆ. ಆ ಪಟ್ಟಿ ಬರೀ ಒಂದು ಪಠ್ಯ ಕಡತ. ವರ್ಡ್‌ನಲ್ಲಿ ಸೇರಿಸಿದ್ದು ಪವರ್‌ಪಾಯಿಂಟ್‌ಗೂ ಸರಿಯಾಗಿಬಿಡುತ್ತದೆ. ಕೆರೆಯ ಪ್ರಸಂಗ ಆದ ಮೇಲೆ ಒಂದು ಸಂಜೆ ನನ್ನ ಪಟ್ಟಿ ತೆಗೆದು ನೋಡಿದೆ. ಹೆಸರಘಟ್ಟ, ದೊಡ್ಡನೆಕ್ಕುಂದಿ, ಚಿಕ್ಕಮ್ಮನ ಮಗನ ಹೆಸರು. ಇವುಗಳ ನಡುವೆ ತಣ್ಣಗೆ ಕೂತಿತ್ತು: 'ಶುಬಾಶಯ'. ಅಲ್ಪಪ್ರಾಣದ ಬ. ಯಾವತ್ತು ಒತ್ತಿದ್ದೆನೋ ನೆನಪಿಲ್ಲ. ಆಫೀಸಿನ ರಾಜ್ಯೋತ್ಸವದ ಸ್ಲೈಡ್ ಮಾತ್ರ ಆರು ವರ್ಷದಿಂದ ನಾನೇ ಮಾಡುತ್ತಿದ್ದೇನೆ.