ಗುಜರಿ ಅಂಗಳದಲ್ಲಿ ಬದುಕುಳಿದ ಉಗಿ ಎಂಜಿನ್‌ಗಳು

1955ರಲ್ಲಿ ಉಗಿಯ ಬದಲು ಡೀಸೆಲ್, ವಿದ್ಯುತ್ ಎಂಜಿನ್‌ಗಳನ್ನು ತರುವ ಆಧುನೀಕರಣ ಯೋಜನೆ ಹೊರಬಿದ್ದಾಗ ಬ್ರಿಟನ್ನಿನ ರೈಲ್ವೆಯ ಬಳಿ ಸಾವಿರಾರು ಉಗಿ ಎಂಜಿನ್‌ಗಳಿದ್ದವು. 1968ರ ಆಗಸ್ಟ್ ಹೊತ್ತಿಗೆ ಮುಖ್ಯ ಮಾರ್ಗಗಳಲ್ಲಿ ಅವುಗಳ ದುಡಿಮೆ ಮುಗಿದಿತ್ತು. ಅಷ್ಟನ್ನೂ ಒಡೆಯಲು ರೈಲ್ವೆಯ ಸ್ವಂತ ಕಾರ್ಯಾಗಾರಗಳು ಸಾಲದೆ, ಖಾಸಗಿ ಗುಜರಿಯವರಿಗೂ ಮಾರಬೇಕಾಯಿತು.

ಒಡೆಯುವವರಿಗೆ ಲಾಭವಿದ್ದದ್ದು ಫೈರ್‌ಬಾಕ್ಸಿನ (ಕಲ್ಲಿದ್ದಲು ಉರಿಯುವ ಪೆಟ್ಟಿಗೆಯ) ತಾಮ್ರದಲ್ಲಿ, ಹಿತ್ತಾಳೆಯ ವಾಲ್ವು, ಬೇರಿಂಗುಗಳಲ್ಲಿ. ಉಳಿದ ಉಕ್ಕನ್ನು ಗ್ಯಾಸ್ ಟಾರ್ಚಿನಿಂದ ಕುಲುಮೆಗೆ ಹಿಡಿಸುವಷ್ಟು ತುಂಡು ಮಾಡಬೇಕು. ಅದು ನಿಧಾನದ ಕೆಲಸ. ವೇಲ್ಸ್‌ನ ಬ್ಯಾರಿ ಬಂದರಿನಲ್ಲಿ ಅಂಗಳವಿದ್ದ ಗುಜರಿ ವ್ಯಾಪಾರಿ ಡೈ ವುಡ್‌ಹ್ಯಾಮ್ ಕೊಂಡ ಎಂಜಿನ್‌ಗಳು 297. ಆದರೆ ಸರಕು ವ್ಯಾಗನ್‌ಗಳನ್ನು ಒಡೆಯುವುದು ಸುಲಭ, ಅವೂ ರಾಶಿರಾಶಿ ಬರುತ್ತಿದ್ದವು. ಹಾಗಾಗಿ ಎಂಜಿನ್‌ಗಳ ಸರದಿ ಮುಂದಕ್ಕೆ ಹೋಗುತ್ತಲೇ ಇತ್ತು. 1968ರಿಂದ 1990ರವರೆಗೆ ಅಭಿಮಾನಿ ಸಂಘಗಳು ಅಲ್ಲಿಂದ 213 ಎಂಜಿನ್‌ಗಳನ್ನು ಕೊಂಡು ಸಾಗಿಸಿದವು. ಅಲ್ಲಿಯವರೆಗೆ ಅವು ಅಂಗಳದಲ್ಲಿ ಉಳಿದದ್ದು ಸಂರಕ್ಷಣೆಯ ಯೋಜನೆಯಿಂದಲ್ಲ. ವ್ಯಾಪಾರಿಯ ಲೆಕ್ಕಾಚಾರವೇ ಅವನ್ನು ಕಾಪಾಡಿತು.

ಕೊಂಡದ್ದು ಮಾತ್ರ ಅರ್ಧಂಬರ್ಧ ಎಂಜಿನ್. ಬಾಯ್ಲರಿಗೆ ನೀರು ಹಾಯಿಸುವ ಇಂಜೆಕ್ಟರ್, ಗೇಜುಗಳು ಮಾಯವಾಗಿರುತ್ತಿದ್ದವು, ಕಲ್ಲಿದ್ದಲು-ನೀರು ಹೊರುವ ಎಷ್ಟೋ ಟೆಂಡರು ಬಂಡಿಗಳು ಉಕ್ಕಿನ ಕಾರ್ಖಾನೆ ಸೇರಿದ್ದವು. ಕಡಲ ಉಪ್ಪುಗಾಳಿಗೆ ತಗಡು ಸವೆದಿತ್ತು. 1954ರಲ್ಲಿ ಹೊರಬಂದ 71000 ಸಂಖ್ಯೆಯ 'ಡ್ಯೂಕ್ ಆಫ್ ಗ್ಲೌಸ್ಟರ್' ಎಂಟೇ ವರ್ಷ ದುಡಿದಿತ್ತು. ಅದರ ಒಂದು ಸಿಲಿಂಡರನ್ನು ವಸ್ತುಸಂಗ್ರಹಾಲಯಕ್ಕಾಗಿ ಬಿಚ್ಚಿದ್ದರು. ಸಿಲಿಂಡರಿಗೆ ಉಗಿ ಬಿಡುವುದನ್ನು ನಿಯಂತ್ರಿಸುವ ಕಾಪ್ರೊಟ್ಟಿ ವಾಲ್ವ್ ಗೇರೂ ಇರಲಿಲ್ಲ. 1974ರಲ್ಲಿ ಬ್ಯಾರಿ ಬಿಟ್ಟ ಅದು ಮತ್ತೆ ಉಗಿ ಹಿಡಿದದ್ದು 1986ರಲ್ಲಿ.

ಹಣ ನುಂಗುವುದು ಬಾಯ್ಲರ್. ಒಳಗಿನ ತಾಮ್ರದ ಫೈರ್‌ಬಾಕ್ಸ್, ಹೊರಗಿನ ಉಕ್ಕಿನ ಕವಚ, ಇವೆರಡನ್ನೂ ನೂರಾರು ಸ್ಟೇ ಬೋಲ್ಟುಗಳು ಹಿಡಿದಿರುತ್ತವೆ. ಕಾಯಿಸಿದಾಗ ತಾಮ್ರ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಬೋಲ್ಟುಗಳು ಬಾಗಿ ಬಾಗಿ ಕೊನೆಗೆ ತುಂಡಾಗುತ್ತವೆ. ಬಿಸಿ ಹೊಗೆ ಬಾಯ್ಲರಿನ ನೀರಿನ ನಡುವೆ ಹಾಯುವ ಹೊಗೆನಳಿಗೆಗಳನ್ನೆಲ್ಲ ಬದಲಿಸಿ, ಮೊದಲು ತಣ್ಣೀರು ತುಂಬಿ, ದುಡಿಯುವ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸುತ್ತಾರೆ: ಸೀಳಿದರೂ ನೀರು ಸೋರುತ್ತದೆಯೇ ಹೊರತು ಉಗಿಯಂತೆ ಸಿಡಿಯದು. ಇಷ್ಟಾದರೂ ಸುಮಾರು ಹತ್ತು ವರ್ಷಕ್ಕೊಮ್ಮೆ ಮತ್ತೆ ಬಿಚ್ಚಲೇಬೇಕು. ಸಂರಕ್ಷಿತ ಎಂಜಿನ್‌ಗಳಲ್ಲಿ ಎಷ್ಟೋ ಯಾವಾಗ ನೋಡಿದರೂ ಓಡದೆ ನಿಂತಿರುವುದು ಇದಕ್ಕೇ.

ಬ್ಯಾರಿಗೆ ಬಂದವು ಹೆಚ್ಚಾಗಿ ಬ್ರಿಟಿಷ್ ರೈಲ್ವೆಯ ಪಶ್ಚಿಮ, ದಕ್ಷಿಣ ವಲಯದವು. ಪೂರ್ವದ ಪೆಪ್ಪರ್‌ಕಾರ್ನ್ ಎ1 ವರ್ಗದ 49 ಎಂಜಿನ್‌ಗಳಲ್ಲಿ ಒಂದೂ ಉಳಿಯಲಿಲ್ಲ. ಕೊನೆಗೆ ಅಭಿಮಾನಿಗಳು ಐವತ್ತನೆಯದನ್ನೇ ಹೊಸದಾಗಿ ಕಟ್ಟಿ, 2008ರಲ್ಲಿ 'ಟೊರ್ನಾಡೊ' ಎಂದು ಹಳಿಗಿಳಿಸಿದರು. ಅದರ ಬಾಯ್ಲರ್ ಜರ್ಮನಿಯ ಮೈನಿಂಗೆನ್‌ನಲ್ಲಿ ತಯಾರಾಯಿತು; ಫೈರ್‌ಬಾಕ್ಸ್ ತಾಮ್ರದ್ದಲ್ಲ, ಬೆಸುಗೆ ಹಾಕಿದ ಉಕ್ಕಿನದು.