ಜೇನಿನಲ್ಲಿ ಸಕ್ಕರೆ ಇದೆ, ಹಾಕಿದ್ದಾರೆ ಅಂತಲ್ಲ

ಡಿಸೆಂಬರ್ ಬಂತೆಂದರೆ ನಮ್ಮ ಲ್ಯಾಬಿಗೆ ಜೇನಿನ ಬಾಟಲಿಗಳ ಮೆರವಣಿಗೆ ಶುರು. ತಳದಲ್ಲಿ ಬಿಳಿ ಗಸಿ. ತಂದವರದು ಒಂದೇ ಮಾತು: "ನೋಡಿ ಸಾರ್, ಸಕ್ಕರೆ ಹಾಕಿದ್ದಾರೆ."

ಆ ಗಸಿ ಸಕ್ಕರೆಯೇ. ಆದರೆ ಯಾರೋ ಹಾಕಿದ್ದೇ ಆಗಬೇಕಿಲ್ಲ. ಇವೆರಡೂ ಒಟ್ಟಿಗೆ ನಿಜ ಅಂತ ಒಪ್ಪಿಸೋದರಲ್ಲಿ ನನಗೆ ಸಾಕುಸಾಕಾಗಿದೆ.

ತೊಡಕು ನಮ್ಮ ಮಾತಿನಲ್ಲಿದೆ. ಅಂಗಡಿಯಲ್ಲಿ ತರೋದೂ ಸಕ್ಕರೆ, ರಕ್ತದಲ್ಲಿ ಅಳೆಯೋದೂ ಸಕ್ಕರೆ. ಕಬ್ಬಿನದು ಸುಕ್ರೋಸ್, ರಕ್ತದ್ದು ಗ್ಲೂಕೋಸ್. ಸುಕ್ರೋಸ್ ಅಂದರೆ ಒಂದು ಗ್ಲೂಕೋಸು, ಒಂದು ಫ್ರಕ್ಟೋಸು ಕೈ ಹಿಡಿದು ನಿಂತ ಜೋಡಿ. ಹೂವಿನ ಮಕರಂದದಲ್ಲಿ ಈ ಜೋಡಿಗಳಿರುತ್ತವೆ. ಜೇನುನೊಣ ಇನ್ವರ್ಟೇಸ್ ಎಂಬ ಕಿಣ್ವ ಬೆರೆಸಿ ಆ ಕೈ ಬಿಡಿಸುತ್ತದೆ. ಹಾಗಾಗಿ ಪಕ್ವವಾದ ಜೇನಿನಲ್ಲಿ ಸುಕ್ರೋಸ್ ಉಳಿಯೋದು ತೀರಾ ಕಮ್ಮಿ. ನಮ್ಮ ದೇಶದ ನಿಯಮದಲ್ಲೂ ಸಾಮಾನ್ಯವಾಗಿ ಅದು 5% ದಾಟುವಂತಿಲ್ಲ. ಒಟ್ಟು ಜೇನಿನಲ್ಲಿ ಫ್ರಕ್ಟೋಸ್ ಸುಮಾರು 38%, ಗ್ಲೂಕೋಸ್ 31%. ಯಾವ ಹೂವು, ಯಾವ ಕಾಡು ಅನ್ನೋದರ ಮೇಲೆ ಹೆಚ್ಚುಕಮ್ಮಿ ಆಗುತ್ತದೆ.

ಈಗ ಗಸಿಗೆ ಬರೋಣ. ಫ್ರಕ್ಟೋಸ್ ನೀರಿನಲ್ಲಿ ಸಲೀಸಾಗಿ ಕರಗಿರುತ್ತದೆ. ಗ್ಲೂಕೋಸಿಗೆ ಅಷ್ಟು ತಾಳ್ಮೆ ಇಲ್ಲ. ಜೇನಿನಲ್ಲಿ ನೀರಿರೋದೇ ಐದರಲ್ಲೊಂದು ಪಾಲಿಗಿಂತ ಕಮ್ಮಿ. ಅಷ್ಟರಲ್ಲಿ ಇಷ್ಟೊಂದು ಗ್ಲೂಕೋಸ್ ಇಕ್ಕಟ್ಟಿನಲ್ಲಿ ಕೂತಿರುತ್ತದೆ. ಚಳಿ ಬಿತ್ತು, 14 ಡಿಗ್ರಿ ಆಸುಪಾಸಿಗೆ ಬಂತು ಅಂದರೆ ಹರಳಾಗಿ ಕೆಳಗಿಳಿಯುತ್ತದೆ. ಗ್ಲೂಕೋಸ್ ಜಾಸ್ತಿ ಇರುವ ಸಾಸಿವೆ ಹೂವಿನ ಜೇನು ಬೇಗ ಗಟ್ಟಿಯಾಗೋದು ಇದಕ್ಕೇ.

ಆ ಗಸಿಯನ್ನು ಒಂದು ಚಿಟಿಕೆ ನಾಲಗೆ ಮೇಲೆ ಇಟ್ಟು ನೋಡಿ. ತಣ್ಣಗೆ ಅನ್ನಿಸುತ್ತದೆ. ಬೇಸಿಗೆಯಲ್ಲಿ ಗ್ಲೂಕೋಸ್ ಪುಡಿಯನ್ನು ಬಾಯಿಗೆ ಹಾಕಿಕೊಂಡಾಗ ಆಗುತ್ತಲ್ಲ, ಅದೇ ತಂಪು. ಗ್ಲೂಕೋಸ್ ಹರಳು ಕರಗುವಾಗ ನಾಲಗೆಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಅಂಗಡಿ ಸಕ್ಕರೆಯಲ್ಲಿ ಆ ತಂಪು ಗೊತ್ತೇ ಆಗೋದಿಲ್ಲ. ಇದು ಕಲಬೆರಕೆ ಪರೀಕ್ಷೆ ಅಂತ ಮಾತ್ರ ಯಾರಿಗೂ ಕಳಿಸಬೇಡಿ. ಸಿರಪ್ ಬೆರೆಸಿದ ಜೇನೂ ಹರಳುಗಟ್ಟಬಹುದು, ಅಪ್ಪಟ ಜೇನು ವರ್ಷಗಟ್ಟಲೆ ನೀರಾಗಿಯೇ ಇರಬಹುದು. ಜೇನಿನಲ್ಲಿ ಅದ್ದಿದ ಬೆಂಕಿಕಡ್ಡಿ ಗೀರೋದು, ನೀರಿನ ಲೋಟಕ್ಕೆ ಹನಿಸೋದು, ನಾಯಿ ಮುಂದಿಡೋದು, ಈ ಮನೆ ಪರೀಕ್ಷೆಗಳೆಲ್ಲ ಸುಮ್ನೆ.

ಒಬ್ಬ ಅಕ್ಕ ಶಿರಸಿ ಕಡೆಯ ತವರಿನಿಂದ ತುಡುವೆ ಜೇನು, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡ ನೊಣದ ಜೇನು, ತಂದಿದ್ದರು. ಗಟ್ಟಿಯಾಯಿತೆಂದು ಕುದಿಯುವ ನೀರಿನಲ್ಲಿ ಬಾಟಲಿ ಇಟ್ಟು ಗಂಟೆಗಟ್ಟಲೆ ಕಾಯಿಸಿದ್ದರು. ಆಮೇಲೂ ಅನುಮಾನ ಹೋಗದೆ ನಮ್ಮಲ್ಲಿಗೆ ಬಂದರು. ಫೀಹೆ ಪರೀಕ್ಷೆ ಅಂತ ಒಂದು ಹಳೆಯ ಕ್ರಮವಿದೆ. ಆಮ್ಲ ಹಾಕಿ ಕಾಯಿಸಿ ಒಡೆದ ಸಕ್ಕರೆ ಪಾಕ ಬೆರೆತಿದ್ದರೆ ಚೆರ್ರಿ ಕೆಂಪು ಬಣ್ಣ ಬರುತ್ತದೆ. ಅಕ್ಕನ ಜೇನು ಕೆಂಪಾಯಿತು! ಅವರ ಕಣ್ಣು ತುಂಬಿತು. "ನಮ್ಮಣ್ಣ ತನ್ನ ಪೆಟ್ಟಿಗೆಯಿಂದಲೇ ತೆಗೆದುಕೊಟ್ಟಿದ್ದು" ಅಂದರು.

ಅಣ್ಣನ ತಪ್ಪಿರಲಿಲ್ಲ. ಆ ಪರೀಕ್ಷೆ ಹಿಡಿಯೋದು ಎಚ್‌ಎಂಎಫ್ ಎಂಬ ವಸ್ತುವನ್ನು. ಅದು ಮುಖ್ಯವಾಗಿ ಫ್ರಕ್ಟೋಸ್ ಬಿಸಿಗೆ ಸಿಕ್ಕಾಗ ಹುಟ್ಟುತ್ತದೆ. ಪಾಕ ಕಾಯಿಸಿದರೂ ಅದೇ, ಅಪ್ಪಟ ಜೇನು ಕಾಯಿಸಿದರೂ ಅದೇ. ಕಲಬೆರಕೆಯ ಹೆದರಿಕೆಯಲ್ಲಿ ಅಕ್ಕ ತಮ್ಮ ಜೇನನ್ನು ತಾವೇ ಕಲಬೆರಕೆಯಂತೆ ಕಾಣಿಸಿಬಿಟ್ಟಿದ್ದರು. ಹಾಗೆಂದು ಕೆಂಪು ಬಣ್ಣವನ್ನು ನಾನು ತಳ್ಳಿಹಾಕುವಂತಿಲ್ಲ. ಕಾಯಿಸದ ಇನ್ನೊಂದು ಬಾಟಲಿ ತರಿಸಿಕೊಂಡೆ. ಅದರಲ್ಲಿ ಬಣ್ಣ ಬರಲಿಲ್ಲ.

ಕರಗಿಸಲೇಬೇಕಿದ್ದರೆ ಬೆರಳು ಇಡಬಹುದಾದಷ್ಟು ಬೆಚ್ಚಗಿನ ನೀರು ಸಾಕು, 40 ಡಿಗ್ರಿ ಆಸುಪಾಸು. ಗೂಡಿನೊಳಗೇ 35 ಡಿಗ್ರಿ ಇರುತ್ತದೆ. ನಿಧಾನವಾಗುತ್ತದೆ, ಆಗಲಿ. ಗಸಿಯ ಮೇಲೆ ತೆಳುವಾಗಿ ನಿಂತ ಜೇನಿನಲ್ಲಿ ನೀರಿನಂಶ ಜಾಸ್ತಿ, ಹುಳಿ ವಾಸನೆ ಬಂತೇ ನೋಡಿಕೊಳ್ಳಿ.

ನನಗೆ ಅರ್ಥವಾಗದ್ದು ಒಂದೇ. ತುಪ್ಪ ಮರಳುಮರಳಾದರೆ "ಆಹಾ, ಒಳ್ಳೇ ತುಪ್ಪ" ಅಂತೀವಿ, ಅಲ್ವಾ? ಜೇನು ಮರಳಾದರೆ ಮಾತ್ರ ಪೊಲೀಸರ ಮುಖ ಹೊತ್ತು ಬರ್ತೀವಿ. ಆ ಅಕ್ಕ ಈಗ ಗಸಿಯನ್ನು ಚಮಚದಲ್ಲಿ ಗೀರಿ ಬಿಸಿ ದೋಸೆಗೆ ಸವರಿಕೊಳ್ಳುತ್ತಾರಂತೆ. ಹೋದ ಸಲ ನನಗೂ ಒಂದು ಬಾಟಲಿ ತಂದರು, ಪರೀಕ್ಷೆಗಲ್ಲ.