ತೋಟ ಕೊಡಗಿನಲ್ಲಿ, ಸಂಸಾರ ಬೆಂಗಳೂರಿನಲ್ಲಿ: ಓಟು ಎಲ್ಲಿ?

ಪ್ರಶ್ನೆ: ನಮ್ಮ ಕುಟುಂಬದ ಮೂಲ ಮನೆಯಾದ ಐನ್‌ಮನೆ, ಕಾಫಿ ತೋಟ ಇರುವುದು ಪೊನ್ನಂಪೇಟೆ ಹತ್ತಿರ. ಕಂದಾಯ ನಾವೇ ಕಟ್ಟುತ್ತೇವೆ. ಕೆಲಸದಿಂದಾಗಿ ಹಲವು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇವೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳುವ ಹಕ್ಕು ನಮಗಿಲ್ಲವೇ?

ಆಸ್ತಿ ಇದೆ, ಕಂದಾಯ ಕಟ್ಟುತ್ತೇವೆ ಎಂಬುದಷ್ಟೇ ಆಧಾರವಾದರೆ, ಇಲ್ಲ. ಓಟಿರುವುದು ವಾಸ ಇರುವ ಕಡೆ. ಒಂದು ಕ್ಷೇತ್ರದಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿನ ಸಾಮಾನ್ಯ ನಿವಾಸಿ ಎನ್ನಲಾಗದು ಎಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ.

ಇದು ಅನ್ಯಾಯ ಅನ್ನಿಸಬಹುದು. ಆದರೆ ಕೊಡಗಿನ ಚರಿತ್ರೆ ನೋಡಿದರೆ ಈ ನಿಯಮದ ಬೆಲೆ ತಿಳಿಯುತ್ತದೆ. ಬ್ರಿಟಿಷರ ಕಾಲದಲ್ಲಿ, 1924ರಲ್ಲಿ, ಇಲ್ಲಿ ಶಾಸಕಾಂಗ ಪರಿಷತ್ತು ಬಂತು. ಸದಸ್ಯರಲ್ಲಿ ಹೆಚ್ಚಿನವರು ಚುನಾಯಿತರೇ. ಆದರೆ ಆ ಕಾಲದಲ್ಲಿ ದೇಶದ ಎಲ್ಲೆಡೆಯಂತೆ ಇಲ್ಲಿಯೂ ಓಟು ಎಲ್ಲರದಾಗಿರಲಿಲ್ಲ. ಆಸ್ತಿ, ಕಂದಾಯ, ತೆರಿಗೆಯ ಲೆಕ್ಕ ನೋಡಿ ಕೊಡುತ್ತಿದ್ದರು. ತೋಟದಲ್ಲಿ ಕಾಫಿ ಕುಯ್ಯುವ ಕೈಗಳಿಗೆ ಅದು ಎಟುಕುತ್ತಿರಲಿಲ್ಲ.

ಸಂವಿಧಾನದ 326ನೇ ವಿಧಿ ಆ ಲೆಕ್ಕವನ್ನೇ ಕಿತ್ತುಹಾಕಿತು. 21 ವರ್ಷ ತುಂಬಿದ ಪ್ರತಿ ಪ್ರಜೆಗೂ ಓಟು. (61ನೇ ತಿದ್ದುಪಡಿಯ ಮೂಲಕ 1989ರಿಂದ ಅದು 18 ಆಯಿತು.) ಆಗ ಕೊಡಗು ಪ್ರತ್ಯೇಕ ರಾಜ್ಯ. ಮೊದಲ ಮಹಾಚುನಾವಣೆಯಲ್ಲಿ 24 ಸ್ಥಾನಗಳ ವಿಧಾನಸಭೆಗೆ ಮತದಾನವಾಯಿತು, ಕಾಂಗ್ರೆಸ್ 15 ಗೆದ್ದಿತು, ಸಿ.ಎಂ. ಪೂಣಚ್ಚ 1952ರಲ್ಲಿ ಮುಖ್ಯಮಂತ್ರಿಯಾದರು. ಮೈಸೂರಿನೊಡನೆ ಸೇರಬೇಕೇ ಬೇಡವೇ ಎಂಬ ದೊಡ್ಡ ಜಗಳ ಬಿಸಿಯಾಗಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ತೋಟದ ಮಾಲೀಕರ ಓಟಿಗೂ ಅವರದೇ ಲೈನ್ ಮನೆಯಲ್ಲಿದ್ದ ಕೂಲಿಯವರ ಓಟಿಗೂ ಒಂದೇ ತೂಕ. ಕೊಡಗಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ನನಗೆ ಕಾಣುವುದಿಲ್ಲ. ಕಂದಾಯದ ರಸೀದಿ ತೋರಿಸಿ ಓಟು ಕೇಳಿದರೆ ನಾವು 1924ಕ್ಕೆ ಹಿಂದಿರುಗಿದಂತೆ.

ಇನ್ನು ನಿಮ್ಮ ವಿಷಯ. ಸಂಸಾರವೇ ಬೆಂಗಳೂರಿನಲ್ಲಿದ್ದು, ಹುತ್ತರಿ ಹಬ್ಬಕ್ಕೋ ಕಾಫಿ ಕುಯ್ಲಿಗೋ ಮಾತ್ರ ಊರಿಗೆ ಬರುವುದಾದರೆ ಫಾರ್ಮ್ 8 ತುಂಬಿ ಹೆಸರನ್ನು ಬೆಂಗಳೂರಿಗೆ ವರ್ಗಾಯಿಸಿಕೊಳ್ಳಿ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಅದಕ್ಕಾಗಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಆದರೆ ಕೆಲವು ತಿಂಗಳ ಮಟ್ಟಿಗೆ ಊರು ಬಿಟ್ಟವರ ಹೆಸರು ಹೋಗುವುದಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಓದುವ ಮಕ್ಕಳು ಮನೆಯ ವಿಳಾಸದಲ್ಲೇ ಉಳಿಯಬಹುದು.

ಸೈನ್ಯದಲ್ಲಿರುವವರ ಮಾತೇ ಬೇರೆ, ಕೊಡಗಿನಲ್ಲಿ ಇದನ್ನು ಹೇಳಲೇಬೇಕು. ಅವರು ಗಡಿಯಲ್ಲಿದ್ದರೂ ಕಾನೂನಿನ ಕಣ್ಣಿನಲ್ಲಿ ತಮ್ಮ ಊರಿನ ನಿವಾಸಿಗಳೇ. ಸೇವಾ ಮತದಾರರಾಗಿ ನೋಂದಾಯಿಸಿಕೊಂಡು, ಅಂಚೆ ಮತಪತ್ರದ ಮೂಲಕ ಮಡಿಕೇರಿ ಅಥವಾ ವಿರಾಜಪೇಟೆ ಕ್ಷೇತ್ರಕ್ಕೆ ಓಟು ಹಾಕಬಹುದು. ಜೊತೆಯಲ್ಲಿ ವಾಸವಿರುವ ಪತ್ನಿ ಅಥವಾ ಪತಿಗೂ ಈ ಸೌಲಭ್ಯವಿದೆ.

ನಿಮ್ಮಲ್ಲಿ ಒಂದು ಕೋರಿಕೆ: ನಿಮ್ಮ ತೋಟದ ಲೈನ್ ಮನೆಯಲ್ಲಿ ವರ್ಷಗಟ್ಟಲೆ ಇರುವವರ ಹೆಸರು ಪಟ್ಟಿಯಲ್ಲಿದೆಯೇ ವಿಚಾರಿಸಿ. ಇಲ್ಲದಿದ್ದರೆ ಅವರು ಫಾರ್ಮ್ 6 ತುಂಬಬೇಕು. ಮನೆ ಅವರ ಹೆಸರಿನಲ್ಲಿ ಇರಬೇಕಾಗಿಲ್ಲ. ವಿಳಾಸದ ದಾಖಲೆ ಸಿಗದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಸ್ಥಳಕ್ಕೇ ಬಂದು ಪರಿಶೀಲಿಸುವ ಕ್ರಮವಿದೆ. ಅವರು ಬಂದ ದಿನ ತೋಟದ ಗೇಟು ತೆರೆದಿರುವಂತೆ ರೈಟರಿಗೆ (ತೋಟದ ಗುಮಾಸ್ತರಿಗೆ) ಹೇಳಿಡಿ.